ಅಕ್ಕೋರು ಜೋಡಿಸಿಕೊಟ್ಟ ಸರ್ವರುಗಳು

ಕಳೆದ ತಿಂಗಳು ಹುಬ್ಬಳ್ಳಿಯ ನಮ್ಮ ಆಸ್ಪತ್ರೆಗೆ ಹೊಸ ಸರ್ವರುಗಳು, ಅಂದರೆ ಸ್ಕ್ಯಾನಿನ ಚಿತ್ರಗಳನ್ನೆಲ್ಲ ಕೂಡಿಡುವ ಕಂಪ್ಯೂಟರುಗಳು, ಬಂದವು. ರಟ್ಟಿನ ಪೆಟ್ಟಿಗೆಯ ಟೇಪು ಹರಿದು ಮುಚ್ಚಳ ತೆರೆದ ಕೂಡಲೇ ಗಪ್ಪಂತ ಒಂದು ವಾಸನೆ ಮೂಗಿಗೆ ಹೊಡೆಯಿತು. ಹೊಸ ಪ್ಲಾಸ್ಟಿಕ್ಕು, ಥರ್ಮೊಕೋಲು, ಇನ್ನೂ ಒಮ್ಮೆಯೂ ಬಿಸಿಯಾಗದ ತಗಡು, ಎಲ್ಲ ಕೂಡಿದ ವಾಸನೆ. ನಾನು ಕತ್ತರಿ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಅಂಥ ಪೆಟ್ಟಿಗೆಯನ್ನು ನಾನು ಮೊದಲ ಸಲ ತೆರೆದದ್ದು ಅಕ್ಕೋರ ಜೊತೆ. ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕನ್ನಡಕ ತಲೆಯ ಮೇಲೇರಿಸಿ, ಪೆಟ್ಟಿಗೆಯೊಳಗೆ ಬಗ್ಗಿ ಉಸಿರೆಳೆದುಕೊಂಡಿದ್ದರು. "ಸಾಲಿ ಚಾಲೂ ಆಗೋ ದಿನದ ವಾಸನಿ ಐತಿ ನೋಡ್ರಿ ಇದು" ಅಂದಿದ್ದರು.

ಅಕ್ಕೋರು ಅನ್ನುವುದು ನಮ್ಮ ಕಡೆ ಶಾಲೆಯ ಹೆಣ್ಣುಮಾಸ್ತರರನ್ನು ಕರೆಯುವ ಮಾತು. ನಮ್ಮ ಅಕ್ಕೋರು ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆಯಾಗಿದ್ದರು. ಅದಕ್ಕೂ ಮೊದಲು ಬಹಳ ವರ್ಷ ಪಾಲಿಟೆಕ್ನಿಕ್ಕಿನಲ್ಲಿ ಕಲಿಸಿದ್ದರು. ಅಲ್ಲಿಂದ ಬರುವಾಗ ಆ ಹೆಸರನ್ನೂ ಜೊತೆಗೇ ತಂದಿದ್ದರು ಅಂತ ಕಾಣುತ್ತದೆ. ಕಾವಲಿನವನಿಂದ ಹಿಡಿದು ದೊಡ್ಡ ಡಾಕ್ಟರರ ತನಕ ಎಲ್ಲರಿಗೂ ಅವರು ಅಕ್ಕೋರೇ. ಅವರ ಮೇಜಿನ ಮೇಲೆ ಕೀಲಿಮಣೆಯ ಪಕ್ಕ ಅಂಗೈಯಲ್ಲಿ ಹಿಡಿಸುವಂಥ ಒಂದು ಬುದ್ಧನ ಮೂರ್ತಿ ಇರುತ್ತಿತ್ತು. ಅವರ ತಂದೆ ಅಂಚೆ ಕಚೇರಿಯಿಂದ ನಿವೃತ್ತರಾದ ದಿನ ತಂದುಕೊಟ್ಟದ್ದಂತೆ. ದಿನಾ ಬೆಳಿಗ್ಗೆ ಅದರ ಧೂಳು ಒರೆಸಿಯೇ ಕಂಪ್ಯೂಟರ್ ಚಾಲೂ ಮಾಡುತ್ತಿದ್ದರು.

ನಾನು ಅವರ ಮುಂದೆ ಕೆಲಸ ಕೇಳಿಕೊಂಡು ಹೋಗಿ ಕೂತಾಗ ನನ್ನ ಡಿಪ್ಲೊಮಾ ಮುಗಿದು ಎಷ್ಟೋ ವರ್ಷವಾಗಿತ್ತು. ಮದುವೆ, ಮಗಳು, ಅತ್ತೆಯ ಕಾಯಿಲೆ ಅಂತ ಬೆಂಗೇರಿಯ ಮನೆಯೊಳಗೇ ಇದ್ದುಬಿಟ್ಟಿದ್ದೆ. ಅಲ್ಲಿಗೆ ಬರುವ ಮೊದಲು ಎರಡು ಮೂರು ಕಡೆ ಹೋಗಿ ಬಂದಿದ್ದೆ. ಎಲ್ಲರೂ ಕೇಳಿದ್ದು ಒಂದೇ: ಇಷ್ಟು ವರ್ಷ ಏನು ಮಾಡುತ್ತಿದ್ದಿರಿ? ಅಕ್ಕೋರು ಅದನ್ನು ಕೇಳಲೇ ಇಲ್ಲ. ನನ್ನ ಕಾಗದ ಪತ್ರ ತಿರುವಿ ನೋಡಿ ಪಕ್ಕಕ್ಕಿಟ್ಟು, "ನಿಮ್ಮ ಮನ್ಯಾಗ ಹೋದ್ರ ಮತ್ತ ಸಿಗಲಾರದಂಥಾದ್ದು ಏನೈತ್ರಿ?" ಅಂದರು.

ಮಗಳು ಹುಟ್ಟಿದಾಗಿನ ಫೋಟೊಗಳು, ನನ್ನ ಫೋನಿನಲ್ಲಿವೆ ಅಂದೆ.

"ಬ್ಯಾರೆ ಎಲ್ಲೆರ ಇಟ್ಟೀರೇನು?"

"ಇಲ್ರಿ."

"ಇವತ್ತ ಸಂಜಿಗೆ ಇನ್ನೊಂದು ಕಡೆ ಇಡ್ರಿ. ಸೋಮವಾರ ಕೆಲಸಕ್ಕ ಬರ್ರಿ."

ಅಷ್ಟೇ. ಹೊರಗೆ ಬಂದು ವಿದ್ಯಾನಗರದ ಬಸ್ ನಿಲ್ದಾಣದಲ್ಲಿ ಕೂತು ನಾನು ಅತ್ತುಬಿಟ್ಟೆ. ಪಕ್ಕದಲ್ಲಿದ್ದ ಹೆಂಗಸು, ಯಾರಿಗೋ ಸೀರಿಯಸ್ ಇರಬೇಕು ಅಂದುಕೊಂಡು ನೀರಿನ ಬಾಟಲಿ ಕೊಟ್ಟಳು.

ಆಗ ಆಸ್ಪತ್ರೆಯ ಸ್ಕ್ಯಾನು, ಎಕ್ಸ್-ರೇ ಚಿತ್ರಗಳೆಲ್ಲ ಹುಬ್ಬಳ್ಳಿಯ ಕಟ್ಟಡದ ಒಂದೇ ಹಳೆಯ ಯಂತ್ರದಲ್ಲಿ ತುಂಬಿಕೊಂಡಿದ್ದವು. ಧಾರವಾಡದಲ್ಲಿ ಕೆಲಗೇರಿ ರಸ್ತೆಗೆ ನಮ್ಮದೇ ಇನ್ನೊಂದು ಸಣ್ಣ ಸ್ಕ್ಯಾನ್ ಕೇಂದ್ರವಿತ್ತು. ಅಲ್ಲಿ ತೆಗೆದದ್ದು ಇಲ್ಲಿ ಕಾಣುತ್ತಿರಲಿಲ್ಲ, ಇಲ್ಲಿಯದು ಅಲ್ಲಿ ಕಾಣುತ್ತಿರಲಿಲ್ಲ. ಹಾಗಾಗಿ ನಾಲ್ಕು ಹೊಸ ಸರ್ವರು ತರಿಸಿ, ಎರಡನ್ನು ಹುಬ್ಬಳ್ಳಿಯಲ್ಲಿ, ಎರಡನ್ನು ಧಾರವಾಡದಲ್ಲಿ ಇಟ್ಟು, ನಾಲ್ಕರ ಜಾಗವನ್ನೂ ಕೂಡಿಸಿ ಒಂದೇ ದೊಡ್ಡ ಕಪಾಟಿನ ಹಾಗೆ ಮಾಡುವುದೆಂದು ತೀರ್ಮಾನವಾಗಿತ್ತು. ಯಾವ ಊರಿನ ಡಾಕ್ಟರು ಹುಡುಕಿದರೂ ಚಿತ್ರ ಸಿಗಬೇಕು. ಪ್ರತಿಯೊಂದು ಚಿತ್ರವೂ ತಾನೇ ತಾನಾಗಿ ಎರಡು ಸರ್ವರಿನಲ್ಲಿ ಬರೆಯಲ್ಪಡಬೇಕು, ಒಂದು ಕೆಟ್ಟರೆ ಇನ್ನೊಂದು ಇರಬೇಕು.

ಸರ್ವರು ಮಾರಿದ ಕಂಪನಿಯಿಂದ ಬಂದವರು ಚುರುಕಿನ ಮನುಷ್ಯ. ಒಂದೇ ದಿನದಲ್ಲಿ ಎಲ್ಲ ಜೋಡಿಸಿ, ಒಂದು ಚಿತ್ರ ಹಾಕಿ ತೆಗೆದು ತೋರಿಸಿ, ಎರಡು ಕಾಪಿ ಬಿದ್ದಿವೆ ಅಂದರು. ಅಕ್ಕೋರು ಪರದೆಯ ಹತ್ತಿರ ಕುರ್ಚಿ ಎಳೆದುಕೊಂಡು ಅವರು ಕಂಪ್ಯೂಟರಿಗೆ ಬರೆದುಕೊಟ್ಟ ಆಜ್ಞೆಯ ಸಾಲನ್ನು, ಅಂದರೆ ಕಮಾಂಡನ್ನು, ಬೆರಳಿಟ್ಟು ಓದಿದರು. ಆಮೇಲೆ ನನ್ನನ್ನು ಕರೆದು, "ಈ ಸಾಲಿನ್ಯಾಗ ಯಾರ ಮಗ್ಗಲ ಯಾರು ಕುಂತಾರ ಹೇಳ್ರಿ" ಅಂದರು.

ನಾನು ಓದಿದೆ. ಹುಬ್ಬಳ್ಳಿಯ ಮೊದಲ ಸರ್ವರು, ಹುಬ್ಬಳ್ಳಿಯ ಎರಡನೆಯದು, ಆಮೇಲೆ ಧಾರವಾಡದ ಮೊದಲನೆಯದು, ಧಾರವಾಡದ ಎರಡನೆಯದು.

ಆ ತಂತ್ರಾಂಶದ ರೀತಿಯೇ ಹಾಗೆ. ಹೆಸರುಗಳನ್ನು ಕೊಟ್ಟ ಕ್ರಮದಲ್ಲೇ ಅದು ಗುಂಪು ಮಾಡಿಕೊಳ್ಳುತ್ತದೆ. ಮೊದಲ ಎರಡು ಒಂದು ಗುಂಪು, ಮುಂದಿನ ಎರಡು ಇನ್ನೊಂದು ಗುಂಪು. ಒಂದು ಗುಂಪಿಗೆ ಬಂದ ಚಿತ್ರದ ಎರಡೂ ಕಾಪಿ ಆ ಗುಂಪಿನೊಳಗೇ ಉಳಿಯುತ್ತವೆ. ಅಂದರೆ ಅರ್ಧ ರೋಗಿಗಳ ಚಿತ್ರಗಳು ಎರಡೂ ಕಾಪಿ ಸಮೇತ ಹುಬ್ಬಳ್ಳಿಯ ಒಂದೇ ಕೋಣೆಯಲ್ಲಿ, ಉಳಿದರ್ಧ ಧಾರವಾಡದ ಒಂದೇ ಕೋಣೆಯಲ್ಲಿ. ನನಗೆ ಅದು ಆ ಕ್ಷಣಕ್ಕೆ ಹೊಳೆಯಲಿಲ್ಲ. ಅಕ್ಕೋರು ಬಾಯಲ್ಲಿ ಹೇಳುವ ಬದಲು ನನ್ನನ್ನು ಸರ್ವರ್ ಕೋಣೆಗೆ ಕರೆದೊಯ್ದರು. ಯಂತ್ರದ ಹಿಂದೆ ಬಗ್ಗಿ ಒಂದು ಕರೆಂಟ್ ವೈರನ್ನು ನನ್ನ ಕೈಗೆ ಕೊಟ್ಟು, ತಾವು ಇನ್ನೊಂದನ್ನು ಹಿಡಿದುಕೊಂಡರು. ಇಬ್ಬರೂ ವೈರಿನ ಗುಂಟ ಹೋದೆವು. ಗೋಡೆಯ ಗುಂಟ, ಮೇಜಿನ ಕೆಳಗೆ, ಕಪಾಟಿನ ಹಿಂದೆ… ಕೊನೆಗೆ ಇಬ್ಬರ ಕೈಯೂ ಒಂದೇ ಸ್ವಿಚ್‌ಬೋರ್ಡಿನ ಹತ್ತಿರ ಬಂದು ನಿಂತವು.

"ತಿಳೀತ್ರಿ?" ಅಂದರು.

ತಿಳಿದಿತ್ತು, ಆ ಕೋಣೆಗೆ ಏನಾದರೂ ಆದರೆ ಎರಡೂ ಕಾಪಿ ಒಟ್ಟಿಗೇ ಹೋಗುತ್ತವೆ ಅಂತ. ಕಂಪನಿಯವರಿಗೂ ತಿಳಿಯಿತು. ಅವರು ತಲೆ ಕೆರೆದುಕೊಂಡು, "ಮೇಡಮ್, ಈಗ ಕ್ರಮ ಬದಲಿಸಬೇಕಂದ್ರೆ ಪೂರ್ತಿ ಅಳಿಸಿ ಮೊದಲಿಂದ ಮಾಡ್ಬೇಕಾಗತ್ತೆ" ಅಂದರು.

"ಮಾಡೋಣ್ರಿ. ಇನ್ನೂ ಒಬ್ಬ ರೋಗಿದೂ ಚಿತ್ರ ಹಾಕಿಲ್ಲ, ಈಗ ಅಳಿಸೋದು ಹಗುರ."

ಆದರೆ ಅಳಿಸುವುದು ಅಷ್ಟು ಹಗುರವಾಗಿರಲಿಲ್ಲ. ಆ ವಾರವೇ ಉದ್ಘಾಟನೆ ಇಟ್ಟುಕೊಂಡಿದ್ದರು. ಅತಿಥಿಗಳಿಗೆ ಹೇಳಿಯಾಗಿತ್ತು, ಬ್ಯಾನರು ಬಂದಿತ್ತು. ಅಕ್ಕೋರು ಅದರ ಮೇಲೆ ಇನ್ನೊಂದು ಬೇಡಿಕೆಯನ್ನೂ ಇಟ್ಟರು. ಹುಬ್ಬಳ್ಳಿ ಧಾರವಾಡಗಳ ನಡುವಿನ ಲೈನು ಕಡಿದುಹೋದರೆ, ಎರಡೂ ಕಡೆಯ ಸರ್ವರು ತನ್ನದೇ ಸರಿ ಅಂತ ಬರೆಯುತ್ತ ಹೋಗಬಹುದು. ಆಮೇಲೆ ಲೈನು ಬಂದಾಗ ಯಾವುದನ್ನು ನಂಬುವುದು? ಅದಕ್ಕೆ ಮೂರನೆಯ ಜಾಗದಲ್ಲಿ ಒಂದು ಸಣ್ಣ ಯಂತ್ರ ಬೇಕು. ಅದು ಚಿತ್ರ ಇಟ್ಟುಕೊಳ್ಳುವುದಿಲ್ಲ, ಯಾರ ಹತ್ತಿರ ಇರುವುದು ಹೊಸದು ಅನ್ನುವುದನ್ನಷ್ಟೇ ತಿಳಿದಿರುತ್ತದೆ. ಅವರು ಅದನ್ನು ಸಾಕ್ಷಿ ಅಂತ ಕರೆಯುತ್ತಿದ್ದರು. ಎರಡೂರಿನ ನಡುವೆ ಉಣಕಲ್ಲಿನಲ್ಲಿ ಆಸ್ಪತ್ರೆಯ ಔಷಧ ದಾಸ್ತಾನಿನ ಕೋಣೆಯಿತ್ತು. ಸಾಕ್ಷಿ ಅಲ್ಲಿರಲಿ ಅಂದರು.

ಸಭೆಯಲ್ಲಿ ಆಡಳಿತಾಧಿಕಾರಿ ಸಾಹೇಬರು ಮೇಜು ಕುಟ್ಟಿದರು. ನಾನು ಅಕ್ಕೋರ ಹಿಂದಿನ ಕುರ್ಚಿಯಲ್ಲಿದ್ದೆ.

"ಎರಡು ಕಾಪಿ ಅದಾವಲ್ರಿ ಅಕ್ಕೋರ? ಇನ್ನೇನ್ ಬೇಕು ನಿಮಗ?"

"ಎರಡೂ ಒಂದ ಖೋಲ್ಯಾಗ ಅದಾವ್ರಿ ಸಾಹೇಬ್ರ."

"ಆ ಖೋಲಿಗೆ ಏನಾಗ್ತೈತಿ?"

"ಗೊತ್ತಿಲ್ರಿ. ಗೊತ್ತಿದ್ರ ಅದಕ್ಕಷ್ಟ ತಯಾರಿ ಮಾಡ್ತಿದ್ದೆ."

ಯಾರೋ ನಕ್ಕರು. ಸಾಹೇಬರ ಮುಖ ಇನ್ನಷ್ಟು ಬಿಗಿದುಕೊಂಡಿತು. ಅಕ್ಕೋರು ನಗಿಸಬೇಕೆಂದು ಹೇಳಿದ್ದಲ್ಲ. ಅವರು ಮಾತನಾಡುತ್ತಿದ್ದುದೇ ಹಾಗೆ, ಇದ್ದದ್ದು ಇದ್ದ ಹಾಗೆ. ಉದ್ಘಾಟನೆ ಬೇಕಾದರೆ ಮಾಡಿಕೊಳ್ಳಿ, ಗುಂಪು ಸರಿಯಾಗುವ ತನಕ ರೋಗಿಗಳ ಚಿತ್ರ ಮಾತ್ರ ಹಾಕುವುದಿಲ್ಲ ಅಂದುಬಿಟ್ಟರು. ಅತಿಥಿಗಳು ಬಂದು ದೀಪ ಹಚ್ಚಿದರು, ಪರದೆಯ ಮೇಲೆ ಏನೂ ಇರಲಿಲ್ಲ. ಸಾಹೇಬರು ಅದನ್ನು ಮರೆಯಲಿಲ್ಲ.

ಮುಂದಿನ ವಾರ ಎಲ್ಲ ಅಳಿಸಿ ಮತ್ತೆ ಕಟ್ಟಿದೆವು. ಕಮಾಂಡನ್ನು ನನ್ನ ಕೈಯಿಂದಲೇ ಬರೆಸಿದರು. ಹುಬ್ಬಳ್ಳಿಯದೊಂದು, ಧಾರವಾಡದ್ದೊಂದು, ಉಣಕಲ್ಲಿನ ಸಾಕ್ಷಿ. ಮತ್ತೆ ಹುಬ್ಬಳ್ಳಿಯ ಇನ್ನೊಂದು, ಧಾರವಾಡದ ಇನ್ನೊಂದು, ಅದೇ ಸಾಕ್ಷಿ. ಎಂಟರ್ ಒತ್ತುವ ಮುಂಚೆ ಗಟ್ಟಿಯಾಗಿ ಓದಿಸಿದರು. ಕಟ್ಟಿ ಮುಗಿದ ಮೇಲೆ ಹಳೆಯ ಯಂತ್ರದ ಚಿತ್ರಗಳನ್ನು ಹಾಕಿ, ನನ್ನನ್ನು ಸರ್ವರ್ ಕೋಣೆಗೆ ಕರೆದು ಸ್ವಿಚ್ಚು ತೋರಿಸಿದರು.

"ತಗೀರಿ."

"ಏನ್ರಿ?"

"ಹುಬ್ಬಳ್ಳಿದು ಎರಡೂ ಬಂದ್ ಮಾಡ್ರಿ. ಚಿತ್ರ ಬರಂಗಿಲ್ಲಂದ್ರ ಇವತ್ತ ಗೊತ್ತಾಗ್ಲಿ."

ಎರಡೂ ಸ್ವಿಚ್ಚು ತೆಗೆದೆ. ಯಂತ್ರದ ಸದ್ದು ನಿಂತು ಕೋಣೆ ಒಮ್ಮೆಲೇ ಮೌನವಾದದ್ದು ಇನ್ನೂ ಕಿವಿಯಲ್ಲಿದೆ… ಹೊರಗೆ ಓಡಿಬಂದು ಪರದೆಯ ಮೇಲೆ ಚಿತ್ರ ತೆರೆದೆ. ತುಸು ತಡೆದು, ಯಾರದೋ ಮೊಣಕಾಲಿನ ಎಲುಬು ಬೆಳ್ಳಗೆ ಮೂಡಿತು. ಧಾರವಾಡದಿಂದ ಬಂದಿತ್ತು. ನಾನು ಜೋರಾಗಿ ಕಿರುಚಿದೆನಂತೆ. ಅಕ್ಕೋರು ಮಾತ್ರ ಚೀಲದಿಂದ ಫೇಡೆಯ ಪೊಟ್ಟಣ ತೆಗೆದು ನನ್ನ ಮುಂದಿಟ್ಟರು. ಮೊದಲೇ ತಂದಿಟ್ಟುಕೊಂಡಿದ್ದರು!

ಮಾರನೆಯ ವರ್ಷ ಅವರಿಗೆ ನಿವೃತ್ತಿಯ ವಯಸ್ಸಾಯಿತು. ನಿವೃತ್ತಿಯ ಮೇಲೂ ಒಂದೆರಡು ವರ್ಷ ಉಳಿಸಿಕೊಳ್ಳುವುದು ನಮ್ಮಲ್ಲಿ ರೂಢಿ. ಅವರನ್ನು ಉಳಿಸಿಕೊಳ್ಳಲಿಲ್ಲ. ಕಾರಣ ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಬುದ್ಧನ ಮೂರ್ತಿಯನ್ನು ಕರವಸ್ತ್ರದಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು, ತಮ್ಮ ಕುರ್ಚಿಯನ್ನು ನನ್ನ ಕಡೆ ತಿರುಗಿಸಿ, "ಕುಂದರ್ರಿ ಇನ್ನ" ಅಂದು ಹೊರಟರು. ನನಗೆ ಸಾಹೇಬರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಾನೂ ಕೆಲಸ ಬಿಡುತ್ತೇನೆ ಅಂದದ್ದಕ್ಕೆ ಅಕ್ಕೋರು, "ನೀವ ಹೋದ್ರ ಇಲ್ಲಿ ತಿಳಿದಾಕಿ ಯಾರೂ ಉಳಿಯಂಗಿಲ್ಲ" ಅಂತ ಗದರಿಸಿದ್ದರು.

ಆಮೇಲೆ ರವಿವಾರಗಳಂದು ಆಗಾಗ ಮಗಳನ್ನು ಕರೆದುಕೊಂಡು ಕೆಲಗೇರಿಯ ಅಕ್ಕೋರ ಮನೆಗೆ ಹೋಗುತ್ತಿದ್ದೆ. ಅಲ್ಲಿ ಅವರೂ ಅವರ ಅಕ್ಕನೂ ಇಬ್ಬರೇ ಇದ್ದರು. ಅಕ್ಕ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಸಂಜೆ ಕೆರೆಯ ದಂಡೆಗುಂಟ ಅಡ್ಡಾಡುತ್ತ ಒಂದು ದಿನ ನಾನು ಕೇಳಿದೆ. ಅವತ್ತು ಸಭೆಯಲ್ಲಿ ಅಷ್ಟು ಗಟ್ಟಿಯಾಗಿ ನಿಂತಿರಲ್ಲ, ಅಂಜಿಕೆ ಬರಲಿಲ್ಲವೇ ಅಂತ.

ಅವರು ಪಾಲಿಟೆಕ್ನಿಕ್ಕಿನ ಒಂದು ಸಂಗತಿ ಹೇಳಿದರು. ಒಂದು ವರ್ಷ ಹುಡುಗರ ಪ್ರಾಯೋಗಿಕ ಪರೀಕ್ಷೆಯ ಫಲಿತಾಂಶವೆಲ್ಲ ಕಂಪ್ಯೂಟರಿನಲ್ಲಿತ್ತು. ಕಾಪಿಯೂ ಇತ್ತು. ಎರಡನ್ನೂ ಒಂದೇ ಕಪಾಟಿನಲ್ಲಿ ಇಟ್ಟಿದ್ದರು. ಮಾಳಿಗೆ ಸೋರಿ ಎರಡೂ ಹಾಳಾದವು. ಎಲ್ಲರೂ ಮತ್ತೆ ಪರೀಕ್ಷೆಗೆ ಕೂರಬೇಕಾಯಿತು.

"ಎಲ್ಲಾರೂ ಬಂದ್ರು. ಒಬ್ಬಾಕಿ ಬರಲಿಲ್ಲ. ಅಷ್ಟ್ರಾಗ ಮದಿವಿ ಮಾಡಿದ್ರಂತ, ಗಂಡನ ಮನಿಯವ್ರು ಕಳಸಲಿಲ್ಲ. ಭಾಳ ಶಾಣ್ಯಾಕಿ ಇದ್ಲು…"

ಅವಳ ಹೆಸರು ಹೇಳಲಿಲ್ಲ. ನನ್ನ ಮಗಳು ಮುಂದೆ ಮುಂದೆ ಓಡುತ್ತಿದ್ದಳು. ಅವಳನ್ನು ನೋಡುತ್ತ, "ನೀರಿನ ಹತ್ತಿರ ಹೋಗಬ್ಯಾಡವಾ" ಅಂತ ಕೂಗಿದರು.

ನಾವು ಅಂಜಿದ್ದ ದಿನ ಕೊನೆಗೂ ಬಂತು, ಒಂದು ಮಳೆಗಾಲದ ಮಧ್ಯಾಹ್ನ. ಹುಬ್ಬಳ್ಳಿಯ ಸರ್ವರ್ ಕೋಣೆಯ ಮೇಲಿನ ಮಹಡಿಯಲ್ಲಿ ನೀರಿನ ಪೈಪು ಒಡೆಯಿತು. ಊಟದ ಹೊತ್ತು, ಯಾರೂ ನೋಡಲಿಲ್ಲ. ನಾನು ಬಾಗಿಲು ತೆರೆದಾಗ ಛತ್ತಿನಿಂದ ನೀರು ನೇರ ಯಂತ್ರಗಳ ಮೇಲೆ ಸುರಿಯುತ್ತಿತ್ತು. ಓಡಿಹೋಗಿ ಮುಖ್ಯ ಸ್ವಿಚ್ಚು ತೆಗೆದೆ. ಎರಡೂ ಸರ್ವರು ಸತ್ತಿದ್ದವು.

ಹೊರಗೆ ಬರುವಷ್ಟರಲ್ಲಿ ನರರೋಗದ ಡಾಕ್ಟರು ನನ್ನನ್ನು ಹುಡುಕಿಕೊಂಡು ಬಂದಿದ್ದರು. ಅವರ ಕೋಣೆಯಲ್ಲಿ ನವಲಗುಂದ ಕಡೆಯ ಒಬ್ಬ ಹುಡುಗಿ, ಅವಳ ತಾಯಿ. ಹುಡುಗಿಗೆ ತಲೆನೋವು, ಅವತ್ತಿನ ಸ್ಕ್ಯಾನಿನಲ್ಲಿ ಮೆದುಳಿನಲ್ಲೊಂದು ಚುಕ್ಕೆ ಕಂಡಿತ್ತು. ಅದು ಹೊಸದಾಗಿ ಬೆಳೆದದ್ದಾದರೆ ತಡಮಾಡದೆ ತಲೆ ತೆರೆಯಬೇಕು. ಹಳೆಯದೇ ಆಗಿದ್ದರೆ ಮುಟ್ಟದೆ ನೋಡಿಕೊಂಡಿರಬಹುದು. ಹಿಂದೊಮ್ಮೆ ಸೈಕಲ್ಲಿನಿಂದ ಬಿದ್ದಾಗ ಅವಳಿಗೆ ನಮ್ಮಲ್ಲೇ ಸ್ಕ್ಯಾನು ಮಾಡಿದ್ದರು. ಮನೆ ಬದಲಿಸುವಾಗ ಫಿಲ್ಮು ಕಳೆದಿತ್ತು. ಡಾಕ್ಟರಿಗೆ ಆ ಹಳೆಯ ಚಿತ್ರ ಬೇಕಿತ್ತು.

"ಸರ್ವರ್ ಕೋಣೆಗೆ ನೀರು ಬಂತಂತಲ್ರಿ, ಹೋತೇನು ಅದು?" ಅಂದರು.

ತಾಯಿ ಎದ್ದು ನಿಂತಳು. ಅವಳಿಗೆ ಸರ್ವರು ಅಂದರೇನೋ ಗೊತ್ತಿರಲಿಲ್ಲ, ಹೋಯಿತು ಅನ್ನುವ ಮಾತು ಮಾತ್ರ ಕೇಳಿಸಿತ್ತು. ನಾನು ಒದ್ದೆ ಕೈಯನ್ನು ದುಪಟ್ಟಾಕ್ಕೆ ಒರೆಸಿಕೊಂಡು ಡಾಕ್ಟರ ಕಂಪ್ಯೂಟರಿನಲ್ಲಿ ಹುಡುಗಿಯ ಹೆಸರು ಹುಡುಕಿದೆ. ಪರದೆ ತುಸು ತಡಮಾಡಿತು. ಆಮೇಲೆ ಚಿತ್ರ ಬಂತು, ಧಾರವಾಡದಿಂದ.

ಡಾಕ್ಟರು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಅಳೆದರು. ಮತ್ತೊಮ್ಮೆ ಅಳೆದರು. ಚುಕ್ಕೆ ಆಗಲೂ ಇತ್ತು, ಅದೇ ಜಾಗದಲ್ಲಿ, ಅಷ್ಟೇ ದೊಡ್ಡದು. ಆಗ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕನ್ನಡಕ ತೆಗೆದು ಆ ತಾಯಿಗೆ, "ಆಪರೇಶನ್ ಬ್ಯಾಡವಾ. ತಲಿನೋವಿಗೆ ಗುಳಿಗಿ ಕೊಡ್ತೇನಿ, ಆರು ತಿಂಗಳಿಗೊಮ್ಮೆ ತೋರಸ್ರಿ" ಅಂದರು. ಹುಡುಗಿ ಮೊದಲು ಕೇಳಿದ್ದು, "ಕೂದ್ಲಾ ತಗಸೂದಿಲ್ಲಲ್ರಿ?" ಅಂತ.

ನಾನು ಹೊರಗೆ ಬಂದು ಅಕ್ಕೋರಿಗೆ ಫೋನು ಮಾಡಿದೆ. ಹುಬ್ಬಳ್ಳಿಯ ಸರ್ವರುಗಳು ಹೋದವು ಅಂದೆ.

"ಚಿತ್ರ ಬರಾಕತ್ತಾವೇನು?"

"ಬರಾಕತ್ತಾವ್ರಿ."

"ಹಂಗಾದ್ರ ಮೊದ್ಲ ಊಟ ಮಾಡ್ರಿ. ಒಣಗೋತನ ಯಾವುದನ್ನೂ ಚಾಲೂ ಮಾಡಬ್ಯಾಡ್ರಿ. ನಾ ಬರ್ತೇನಿ."

ಅವರು ಬರಬೇಕಾಗಿರಲಿಲ್ಲ. ಆದರೂ ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ಬಂದರು. ಒಂದು ಸರ್ವರು ಪೂರ್ತಿ ಸುಟ್ಟಿತ್ತು, ಇನ್ನೊಂದು ಒಣಗಿದ ಮೇಲೆ ಎದ್ದಿತು. ಆ ಎದ್ದದ್ದರಲ್ಲೇ ಅಪಾಯವಿತ್ತು. ಅದರಲ್ಲಿದ್ದುದು ನಿನ್ನೆಯ ಮಧ್ಯಾಹ್ನದ ತನಕದ್ದು ಮಾತ್ರ. ಧಾರವಾಡದಲ್ಲಿ ಆಮೇಲಿನದೂ ಇತ್ತು. ಹಳೆಯದು ಹೊಸದರ ಮೇಲೆ ಬರೆದುಕೊಂಡುಬಿಟ್ಟರೆ ಆ ನಡುವಿನ ರೋಗಿಗಳ ಚಿತ್ರಗಳು ಅಳಿದುಹೋಗುತ್ತಿದ್ದವು. ಉಣಕಲ್ಲಿನ ಸಾಕ್ಷಿ ತನ್ನ ಕೆಲಸ ಮಾಡಿತು. ಯಾವುದು ಹೊಸದೆಂದು ಅದು ಹೇಳಿತು, ಧಾರವಾಡದಿಂದ ಹುಬ್ಬಳ್ಳಿಗೆ ಒಂದೊಂದೇ ಚಿತ್ರ ಹರಿದುಬರತೊಡಗಿತು. ನಾವಿಬ್ಬರೂ ಪರದೆಯ ಮುಂದೆ ಕೂತು, ಬಾಕಿ ಉಳಿದ ಚಿತ್ರಗಳ ಸಂಖ್ಯೆ ಇಳಿಯುವುದನ್ನು ನೋಡುತ್ತಿದ್ದೆವು. ಹುಡುಗಿಯ ವಿಷಯ ಹೇಳಿದೆ. ಅವರು ಪರದೆಯಿಂದ ಕಣ್ಣು ತೆಗೆಯದೆ, "ಕೂದ್ಲಾ ಉಳೀತಲ್ಲ" ಅಂದು ನಕ್ಕರು. ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ, ನೋಡದವಳ ಹಾಗೆ ಇದ್ದೆ.

ಮಧ್ಯಾಹ್ನ ಸಾಹೇಬರು ಬಾಗಿಲಲ್ಲಿ ಬಂದು ನಿಂತರು. "ಬಂದೀರೇನ್ರಿ ಅಕ್ಕೋರ" ಅಂದರು. "ಬಂದೇನ್ರಿ" ಅಂದರು ಇವರು. ಸಾಹೇಬರು ಒಳಗೆ ಬಂದು ಕುರ್ಚಿ ಎಳೆದುಕೊಂಡು ನಮ್ಮ ಜೊತೆ ಕೂತು, ಸಂಖ್ಯೆ ಸೊನ್ನೆಗೆ ಬರುವ ತನಕ ತಾವೂ ನೋಡಿದರು. ಹೊರಡುವಾಗ ಅಕ್ಕೋರನ್ನು ಕಾರಿನಲ್ಲಿ ಕೆಲಗೇರಿಗೆ ಬಿಟ್ಟುಬರಲು ತಮ್ಮ ಡ್ರೈವರಿಗೆ ಹೇಳಿದರು. ಅಕ್ಕೋರು ಬಸ್ಸಿಗೇ ಹೋದರು, ಆದರೆ ನಗುತ್ತ ಹೋದರು.

ಅಕ್ಕೋರಿಗೆ ಕಾಯಿಲೆ ಬಂದದ್ದು ಅದಾದ ಕೆಲವು ವರ್ಷಗಳಿಗೆ. ಸ್ಕ್ಯಾನು ನಮ್ಮ ಧಾರವಾಡದ ಕೇಂದ್ರದಲ್ಲೇ ಆಯಿತು. ನಾನು ಕೈ ಹಿಡಿದುಕೊಂಡು ಒಳಗೆ ಬಿಟ್ಟುಬಂದೆ. ಚಿತ್ರ ನೋಡಿದ ಡಾಕ್ಟರರ ಮುಖ ನೋಡಿ, ಇದು ವಾಸಿಯಾಗುವ ಕಾಯಿಲೆಯಲ್ಲ ಅಂತ ನನಗೆ ಗೊತ್ತಾಯಿತು. ಅಕ್ಕೋರಿಗೂ ಗೊತ್ತಾಗಿತ್ತು. ಹೊರಗೆ ಬೆಂಚಿನ ಮೇಲೆ ಕೂತು, ಮಗಳು ಯಾವ ಕಾಲೇಜಿಗೆ ಹಾಕಿದಳು ಅಂತ ವಿಚಾರಿಸಿದರು. ಕೊನೆಯ ದಿನಗಳಲ್ಲಿ ಮಾತು ಕಡಿಮೆಯಾಗಿತ್ತು… ಮಂಚದ ಪಕ್ಕ ಕೂತಿದ್ದಾಗ ಒಮ್ಮೆ, ನೀವು ಅವತ್ತು ನನ್ನನ್ನು ಕರೆದುಕೊಳ್ಳದಿದ್ದರೆ ನಾನು ಎಲ್ಲಿರುತ್ತಿದ್ದೆನೋ ಅಂದೆ. ಅವರು ತಲೆ ಅಲ್ಲಾಡಿಸಿ, "ಕೆಲಸ ಬರ್ತಿತ್ತು ನಿಮಗ. ಯಾರೂ ಕೇಳಿದ್ದಿಲ್ಲ, ಅಷ್ಟ" ಅಂದರು.

ಕಳೆದ ತಿಂಗಳು ಬಂದ ಹೊಸ ಸರ್ವರುಗಳನ್ನು ಹೋದ ಶುಕ್ರವಾರ ಹಳೆಯ ಗುಂಪುಗಳಿಗೆ ಸೇರಿಸಿ ಮುಗಿಸಿದೆ. ರವಿವಾರ ಕೆಲಗೇರಿಗೆ ಹೋದೆ. ಅಕ್ಕೋರ ಅಕ್ಕನಿಗೆ ಈಗ ಕಿವಿ ಸ್ವಲ್ಪ ಮಂದ. ಅಡುಗೆಗೆ ನೆರೆಮನೆಯವರು ನೆರವಾಗುತ್ತಾರೆ. ಚಹ ಕುಡಿದು ಕೂತಾಗ ಅವರು ಒಮ್ಮೆಲೇ ಕೇಳಿದರು.

"ಅಲ್ಲವಾ, ನಮ್ಮ ತಂಗಿ ಅಲ್ಲಿ ಏನ್ ಕೆಲಸ ಮಾಡ್ತಿದ್ಲು? ಕಂಪ್ಯೂಟರ್ ಅಂತಿದ್ಲು, ನಾ ಹ್ಞೂಂ ಅಂತಿದ್ದೆ. ಒಂದ ಮನ್ಯಾಗ ಇದ್ದು ಒಂದ ದಿನಾನೂ ಕೇಳಲಿಲ್ಲ ನೋಡು ನಾನು."

ನಾನು ಅವರ ಹತ್ತಿರ ಸರಿದು ಕೂತು, ಕಿವಿಗೆ ಕೇಳುವ ಹಾಗೆ, ಎಲ್ಲ ಹೇಳಿದೆ. ಎರಡು ಊರು, ನಡುವಿನ ಸಾಕ್ಷಿ, ಖಾಲಿ ಪರದೆಯ ಉದ್ಘಾಟನೆ, ಒಡೆದ ಪೈಪು, ನವಲಗುಂದ ಕಡೆಯ ಹುಡುಗಿ. ಹೊರಗೆ ಕೆರೆಯ ಕಡೆಯಿಂದ ಸಂಜೆಯ ಗಾಳಿ ಬೀಸುತ್ತಿತ್ತು.

"ಇಷ್ಟೆಲ್ಲಾ ಮಾಡಿದ್ಲಾ ಆಕಿ?" ಅಂದರು. ಆಮೇಲೆ ನನ್ನ ಕೈ ಹಿಡಿದುಕೊಂಡು, "ಇನ್ನೊಂದ ಸಲ ಹೇಳವಾ" ಅಂದರು.

ನಾನು ಮತ್ತೆ ಮೊದಲಿನಿಂದ ಹೇಳತೊಡಗಿದೆ.